ಐದೂವರೆ ವರ್ಷದ ಗಿನಿಪಿಗ್‌ಗೆ ಆಪರೇಷನ್: ಮಾಡಿಸುವುದೋ, ಬಿಡುವುದೋ?

ಪ್ರಶ್ನೆ: ನಮ್ಮದು ಉಡುಪಿ ಹತ್ತಿರ ಕಟಪಾಡಿ. ಮನೆಯಲ್ಲಿ ಎರಡು ಹೆಣ್ಣು ಗಿನಿಪಿಗ್ ಉಂಟು. ದೊಡ್ಡದಕ್ಕೆ ಐದೂವರೆ ವರ್ಷ ಪ್ರಾಯ. ಮೂರು ತಿಂಗಳಿಂದ ಅದರ ಎರಡೂ ಪಕ್ಕೆಯ ಕೂದಲು ಉದುರಿ, ಹೊಟ್ಟೆ ಪೇರಳೆ ಹಣ್ಣಿನ ಹಾಗೆ ಕೆಳಗೆ ಉಬ್ಬಿದೆ. ಸ್ಕ್ಯಾನ್ ಮಾಡಿಸಿದಾಗ ಎರಡೂ ಅಂಡಾಶಯದಲ್ಲಿ ಸಿಸ್ಟ್ (ನೀರು ತುಂಬಿದ ಚೀಲ) ಉಂಟು, ಬಲಗಡೆಯದು 4 ಸೆಂ.ಮೀ., ಎಡಗಡೆಯದು 3 ಸೆಂ.ಮೀ. ಎಂದರು. ತೂಕ ಹೋದ ವರ್ಷ 960 ಗ್ರಾಂ ಇದ್ದದ್ದು ಈಗ 870. ತಿನ್ನುತ್ತದೆ, ಆದರೆ ಮೊದಲಿನಷ್ಟು ಇಲ್ಲ. ಸೊಂಟದ ಮೇಲೆ ಒಂದು ಸೆಂ.ಮೀ. ಗಾತ್ರದ ಗಂಟೂ ಉಂಟು. ಒಬ್ಬರು ಡಾಕ್ಟ್ರು ಆಪರೇಷನ್ ಮಾಡುವ ಅಂದರು. ಇನ್ನೊಬ್ಬರು ಈ ಪ್ರಾಯಕ್ಕೆ ಬೇಡ, ಅನಸ್ತೇಷಿಯಾದಲ್ಲೇ ಹೋದೀತು ಅಂದರು. ಏನು ಮಾಡುವುದು? ಮಾಡಿಸುವುದಾದರೆ ಮಳೆಗಾಲ ಮುಗಿಯಲಿ ಎಂದು ಕಾಯಬೇಕಾ? ಇನ್ನೊಂದನ್ನು ಬೇರೆ ಗೂಡಿನಲ್ಲಿ ಇಡಬೇಕಾ?

ಉತ್ತರ: ಈ ವಾರವೇ ಆಪರೇಷನ್ ಬೇಡ. ಹಾಗಂತ ಪ್ರಾಯ ಆಯಿತೆಂದು ಕೈಚೆಲ್ಲುವುದೂ ಬೇಡ. ತೂಕ ಇಳಿದದ್ದು ಸಿಸ್ಟಿನಿಂದಲೋ, ಬೇರೆ ಯಾವುದರಿಂದಲೋ ಎಂಬುದು ಮೊದಲು ಗೊತ್ತಾಗಬೇಕು. ಆಪರೇಷನ್ನಿನ ತೀರ್ಮಾನ ಅದರ ಮೇಲೆ ನಿಂತಿದೆ.

ನೀವು ಕೊಟ್ಟ ಲೆಕ್ಕವನ್ನೇ ಸ್ವಲ್ಪ ಬಿಡಿಸಿ ನೋಡಿ. 960ರಿಂದ 870ಕ್ಕೆ ಇಳಿದರೆ 90 ಗ್ರಾಂ, ನೂರಕ್ಕೆ ಒಂಬತ್ತರಷ್ಟು. ಆದರೆ ಈ 870ರಲ್ಲಿ ಸಿಸ್ಟಿನ ನೀರೂ ಸೇರಿದೆ. 4 ಸೆಂ.ಮೀ. ಅಡ್ಡಳತೆಯ ದುಂಡನೆಯ ಸಿಸ್ಟಿನಲ್ಲಿ ಸುಮಾರು 33 ಎಂಎಲ್, 3 ಸೆಂ.ಮೀ.ನದರಲ್ಲಿ ಸುಮಾರು 14 ಎಂಎಲ್ ನೀರು ಹಿಡಿಯುತ್ತದೆ. ಹತ್ತಿರ ಹತ್ತಿರ 48 ಗ್ರಾಂ ಆಯಿತು. ಅದನ್ನು ಕಳೆದರೆ ಮೈಯ ತೂಕ ಉಳಿಯುವುದು 822ರ ಆಸುಪಾಸು. ಅಂದರೆ ನಿಜವಾಗಿ ಕರಗಿದ್ದು 138 ಗ್ರಾಂ, ನೂರಕ್ಕೆ ಹದಿನಾಲ್ಕರಷ್ಟು. ಹೊಟ್ಟೆ ಉಬ್ಬಿದ ಗಿನಿಪಿಗ್ ನೋಡಲು ದಪ್ಪಗೇ ಕಾಣುತ್ತದೆ, ಮನೆಯವರಿಗೆ ಇದು ಗೊತ್ತೇ ಆಗುವುದಿಲ್ಲ. ಬೆನ್ನುಮೂಳೆ, ಸೊಂಟದ ಎಲುಬಿನ ಮೇಲೆ ಬೆರಳಾಡಿಸಿ. ಎಲುಬು ಚೂಪಾಗಿ ಕೈಗೆ ತಾಗಿದರೆ ಮಾಂಸ ಕರಗಿದೆ ಎಂದೇ ಅರ್ಥ. ಹೊಟ್ಟೆಯನ್ನು ಮಾತ್ರ ಒತ್ತಿ ನೋಡಬೇಡಿ, ತೆಳು ಪೊರೆಯ ಸಿಸ್ಟ್ ಒಡೆದೀತು.

ಇನ್ನು ಪ್ರಾಯದ ವಿಚಾರ. ಗಿನಿಪಿಗ್‌ನ ಸಾಮಾನ್ಯ ಆಯುಸ್ಸು ಐದರಿಂದ ಏಳು ವರ್ಷ, ಅಪರೂಪಕ್ಕೆ ಎಂಟು. ಹಾಗಾಗಿ ನಿಮ್ಮದು ಅಜ್ಜಿಯೇ ಸರಿ. ಎರಡನೆಯ ಡಾಕ್ಟರ ಹೆದರಿಕೆಗೂ ಬಲವಾದ ಕಾರಣ ಇದೆ. ಬ್ರಿಟನ್ನಿನ ಕ್ಲಿನಿಕ್ಕುಗಳ ದಾಖಲೆ ಒಟ್ಟುಮಾಡಿ 2008ರಲ್ಲಿ ಪ್ರಕಟಿಸಿದ ದೊಡ್ಡ ಅಧ್ಯಯನವೊಂದರಲ್ಲಿ ಅನಸ್ತೇಷಿಯಾ ಸಂಬಂಧದ ಸಾವು ನಾಯಿಗಳಲ್ಲಿ ಶೇ. 0.17, ಬೆಕ್ಕುಗಳಲ್ಲಿ ಶೇ. 0.24 ಇದ್ದರೆ, ಗಿನಿಪಿಗ್‌ಗಳಲ್ಲಿ ಶೇ. 3.8 ಇತ್ತು. ಹೆಚ್ಚುಕಡಿಮೆ ಇಪ್ಪತ್ತಾರರಲ್ಲಿ ಒಂದು. ಇದು ಗಟ್ಟಿಮುಟ್ಟಾದವೂ ಕಾಯಿಲೆಯವೂ ಸೇರಿದ ಲೆಕ್ಕ.

ಇಷ್ಟು ಅಪಾಯ ಯಾಕೆಂದು ತಿಳಿದರೆ ಯಾವುದನ್ನು ತಡೆಯಬಹುದು ಎಂಬುದೂ ತಿಳಿಯುತ್ತದೆ. ಗಿನಿಪಿಗ್‌ನ ಗಂಟಲಿನಲ್ಲಿ ಮೆದು ಅಂಗುಳ ನಾಲಗೆಯ ಬುಡಕ್ಕೆ ಅಂಟಿಕೊಂಡಿದ್ದು ನಡುವೆ ಸಣ್ಣದೊಂದು ಕಿಂಡಿ ಮಾತ್ರ ಇರುತ್ತದೆ. ಹಾಗಾಗಿ ನಾಯಿಗೆ ಹಾಕಿದಂತೆ ಶ್ವಾಸನಾಳಕ್ಕೆ ಕೊಳವೆ ಹಾಕುವುದು ಬಹಳ ಕಷ್ಟ, ಸಾಮಾನ್ಯವಾಗಿ ಮಾಸ್ಕಿನಲ್ಲೇ ಸುಧಾರಿಸಬೇಕು. ಬಾಯಿಯ ಒಳಗೆ ಜಗಿದ ಹುಲ್ಲು ಯಾವಾಗಲೂ ಉಳಿದಿರುತ್ತದೆ, ಪ್ರಜ್ಞೆ ತಪ್ಪಿದಾಗ ಅದು ಉಸಿರಿನ ದಾರಿಗೆ ಇಳಿಯಬಹುದು. ಮೈ ಸಣ್ಣದು, ಹೊಟ್ಟೆಯ ಕೂದಲು ಬೋಳಿಸಿ ಸ್ಪಿರಿಟ್ ಹಚ್ಚಿ ಎಸಿ ಕೋಣೆಯಲ್ಲಿ ಮಲಗಿಸಿದರೆ ಸ್ವಲ್ಪ ಹೊತ್ತಿನಲ್ಲೇ ಮೈ ತಣ್ಣಗಾಗುತ್ತದೆ. ಇವೆಲ್ಲ ದಾಟಿದ ಮೇಲೆ ಎಲ್ಲಕ್ಕಿಂತ ದೊಡ್ಡ ಗಂಡಾಂತರ: ನೋವಿನಿಂದ ಅದು ತಿನ್ನುವುದನ್ನು ನಿಲ್ಲಿಸುತ್ತದೆ, ತಿನ್ನದಿದ್ದರೆ ಕರುಳಿನ ಚಲನೆ ನಿಲ್ಲುತ್ತದೆ, ಒಳಗೆ ಗ್ಯಾಸ್ ತುಂಬಿ ನೋವು ಇನ್ನೂ ಹೆಚ್ಚುತ್ತದೆ. ಆಪರೇಷನ್ ಚೆನ್ನಾಗಿಯೇ ಆಗಿ ಎರಡನೆಯ ದಿನವೋ ಮೂರನೆಯ ದಿನವೋ ಸತ್ತಿತು ಎಂದು ಕೇಳುವ ಕಥೆಗಳಲ್ಲಿ ಹೆಚ್ಚಿನವು ಹೀಗೆ ಆದವು. ಈ ಪಟ್ಟಿಯಲ್ಲಿ ಪ್ರಾಯದ ಹೆಸರೇ ಇಲ್ಲ, ನೋಡಿ. ಪ್ರಾಯ ಮಾಡುವ ಕೆಲಸವೆಂದರೆ ಹೃದಯ, ಕಿಡ್ನಿ, ಹಲ್ಲುಗಳಲ್ಲಿ ನಮಗೆ ಕಾಣದ ದೋಷವನ್ನು ಕೂಡಿಡುವುದು. ಅದನ್ನು ಮೊದಲೇ ಹುಡುಕಿದರೆ ಹೆದರಿಕೆಯ ಅರ್ಧ ಭಾಗಕ್ಕೆ ಉತ್ತರ ಸಿಕ್ಕಿತು.

ಸಿಸ್ಟನ್ನು ಹಾಗೇ ಬಿಟ್ಟರೆ? ಗಿನಿಪಿಗ್ ಹೆಣ್ಣುಗಳಲ್ಲಿ ಇದು ಎಷ್ಟು ಸಾಮಾನ್ಯವೆಂದರೆ ಪ್ರಾಯವಾದ ಹೆಣ್ಣುಗಳನ್ನು ಸ್ಕ್ಯಾನ್ ಮಾಡಿದರೆ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಸಿಕ್ಕುತ್ತದೆ. ಸಣ್ಣವು ತಮ್ಮಷ್ಟಕ್ಕೆ ಇರುತ್ತವೆ. 7 ಸೆಂ.ಮೀ.ವರೆಗೆ ಬೆಳೆದವೂ ಉಂಟು, ಆಗ ಹೊಟ್ಟೆ, ಕರುಳಿಗೆ ಜಾಗವಿಲ್ಲದೆ ತಿನ್ನುವುದು ಕಡಿಮೆಯಾಗುತ್ತದೆ. ನಿಮ್ಮದರ ಸಿಸ್ಟ್ ಆ ದಾರಿಯಲ್ಲಿದೆ, ಆದರೆ ನಾಳೆಗೆ ಪ್ರಾಣ ತೆಗೆಯುವಂಥದ್ದಲ್ಲ. ಅಂದರೆ ನಿಮಗೆ ಸಮಯ ಇದೆ. ಮೂತ್ರನಾಳದಲ್ಲಿ ಕಲ್ಲು ಸಿಕ್ಕಿಕೊಂಡು ಮೂತ್ರ ಕಟ್ಟಿದ್ದರೆ, ಗರ್ಭಕೋಶದಿಂದ ರಕ್ತವೋ ಕೀವೋ ಹೋಗುತ್ತಿದ್ದರೆ ಹೀಗೆ ಕಾಯಲು ಆಗುವುದಿಲ್ಲ. ಅಲ್ಲಿ ಆಪರೇಷನ್ ಮಾಡದಿರುವುದೇ ಹೆಚ್ಚಿನ ಅಪಾಯ, ಪ್ರಾಯ ಎಷ್ಟೇ ಇರಲಿ. ಗಿನಿಪಿಗ್‌ನ ಕಲ್ಲು ಬಹುತೇಕ ಕ್ಯಾಲ್ಸಿಯಂ ಕಾರ್ಬೊನೇಟ್, ಆಹಾರ ಬದಲಿಸಿ ಕರಗಿಸುತ್ತೇವೆ ಎಂದರೆ ಆಗದು.

ಆಪರೇಷನ್ ಅಲ್ಲದ ದಾರಿ ಎರಡಿವೆ. ಒಂದು ಹಾರ್ಮೋನ್: ಎಚ್‌ಸಿಜಿ 1000 ಯೂನಿಟ್ ಮಾಂಸಖಂಡಕ್ಕೆ ಚುಚ್ಚಿ, ಏಳರಿಂದ ಹತ್ತು ದಿನಕ್ಕೆ ಮತ್ತೊಮ್ಮೆ. ಆದರೆ ಇದು ಕೆಲಸ ಮಾಡುವುದು ಅಂಡಕೋಶಿಕೆಯಿಂದ ಹುಟ್ಟಿದ, ಹಾರ್ಮೋನ್ ಸುರಿಸುವ ಸಿಸ್ಟಿಗೆ ಮಾತ್ರ. ಪ್ರಾಯದ ಹೆಣ್ಣುಗಳಲ್ಲಿ ಹೆಚ್ಚಾಗಿ ಕಾಣುವ, ಹಾರ್ಮೋನ್ ಸುರಿಸದೆ ಬರೀ ನೀರುತುಂಬಿದ ಬಗೆಯದು ಇದಕ್ಕೆ ಜಗ್ಗುವುದಿಲ್ಲ. ಪಕ್ಕೆಯ ಕೂದಲು ಎರಡೂ ಬದಿ ಒಂದೇ ರೀತಿ ಉದುರಿದೆ ಎಂದಿದ್ದೀರಿ. ಮೊಲೆತೊಟ್ಟು ಗಟ್ಟಿಯಾಗಿ ಸಿಪ್ಪೆ ಎದ್ದಿದೆಯೇ, ಇನ್ನೊಂದರ ಮೇಲೆ ಗುರುಗುಟ್ಟಿಕೊಂಡು ಹತ್ತುತ್ತದೆಯೇ ನೋಡಿ. ಇದ್ದರೆ ಹಾರ್ಮೋನ್ ಸುರಿಸುವ ಸಿಸ್ಟ್ ಜೊತೆಯಲ್ಲಿ ಇರುವ ಸಾಧ್ಯತೆ ಹೆಚ್ಚು, ಪ್ರಯತ್ನಿಸಬಹುದು. ಇನ್ನೊಂದು ದಾರಿ ಸ್ಕ್ಯಾನ್ ನೋಡಿಕೊಂಡು ಸೂಜಿಯಲ್ಲಿ ನೀರು ತೆಗೆಯುವುದು. ಕೆಲವು ವಾರವೋ ತಿಂಗಳೋ ಕಳೆದು ಮತ್ತೆ ತುಂಬುತ್ತದೆ, ಇದು ಶಾಶ್ವತವಲ್ಲ. ಆದರೂ ನಿಮ್ಮ ವಿಷಯದಲ್ಲಿ ಮೊದಲು ಮಾಡಬೇಕಾದ್ದು ಇದನ್ನೇ, ಕಾರಣ ಇದು ಚಿಕಿತ್ಸೆಯೂ ಹೌದು, ಪರೀಕ್ಷೆಯೂ ಹೌದು. ನೀರು ತೆಗೆದ ಮೂರು ನಾಲ್ಕು ದಿನದಲ್ಲಿ ಮೊದಲಿನಂತೆ ತಿನ್ನತೊಡಗಿದರೆ ತೊಂದರೆ ಕೊಡುತ್ತಿದ್ದದ್ದು ಸಿಸ್ಟ್, ಅದನ್ನು ತೆಗೆಸುವುದರಲ್ಲಿ ಅರ್ಥ ಇದೆ. ನೀರು ತೆಗೆದರೂ ತಿನ್ನದಿದ್ದರೆ ಅಂಡಾಶಯ ತೆಗೆದರೂ ತಿನ್ನುವುದಿಲ್ಲ, ಬೇರೆ ಕಡೆ ಹುಡುಕಬೇಕು.

ಬೇರೆ ಕಡೆ ಎಂದರೆ ಮೊದಲು ಬಾಯಿ. ಇವುಗಳ ಹಲ್ಲು ಜೀವಮಾನವಿಡೀ ಬೆಳೆಯುತ್ತದೆ. ಕೆಳಗಿನ ದವಡೆಹಲ್ಲು ಒಳಮುಖವಾಗಿ ಬೆಳೆದು ನಾಲಗೆಯ ಮೇಲೆ ಸೇತುವೆ ಕಟ್ಟಿಬಿಟ್ಟರೆ ಪ್ರಾಣಿ ಹಸಿದುಕೊಂಡು ಬಟ್ಟಲ ಹತ್ತಿರ ಬರುತ್ತದೆ, ಬಾಯಿಗೆ ಹಾಕುತ್ತದೆ, ಉದುರಿಸುತ್ತದೆ. ಹುಲ್ಲು ಬಿಟ್ಟು ಸೌತೆಕಾಯಿ ಮಾತ್ರ ತಿನ್ನುವುದು, ಗಲ್ಲ ಒದ್ದೆಯಾಗುವುದು ಇದರ ಗುರುತು. ಮುಂದಿನ ಹಲ್ಲು ಸರಿ ಇದೆ ಎಂದು ಸಮಾಧಾನಪಟ್ಟುಕೊಳ್ಳಬೇಡಿ, ಡಾಕ್ಟರು ಬೆಳಕು ಬಿಟ್ಟು ದವಡೆಯನ್ನೇ ನೋಡಬೇಕು. ಜೊತೆಗೆ ಎದೆಯ ಎಕ್ಸ್‌ರೇ: ಹೃದಯದ ಗಾತ್ರ, ಶ್ವಾಸಕೋಶದಲ್ಲಿ ಗಡ್ಡೆ ಹರಡಿದ್ದರೆ ಅದು ಗೊತ್ತಾಗುತ್ತದೆ. ಹೊಟ್ಟೆಯನ್ನೂ ಅದೇ ಫಿಲ್ಮಿನಲ್ಲಿ ಸೇರಿಸಿದರೆ ಕಲ್ಲು ಕಾಣುತ್ತದೆ. ರಕ್ತ ಅರ್ಧ ಎಂಎಲ್ ಸಿಕ್ಕಿದರೂ ಕಿಡ್ನಿಯ ಸ್ಥಿತಿ ಹೇಳುವ ಕ್ರಿಯಾಟಿನಿನ್, ಯೂರಿಯಾ, ಸಕ್ಕರೆ, ರಕ್ತದ ಸಾಂದ್ರತೆ ನೋಡಬಹುದು. ಸ್ಕ್ಯಾನಿನಲ್ಲಿ ಗರ್ಭಕೋಶ ದಪ್ಪವಾಗಿದೆಯೇ ಎಂದು ಕೇಳಿ. ದಪ್ಪವಿದ್ದರೆ ಅಂಡಾಶಯ ಮಾತ್ರ ತೆಗೆದರೆ ಸಾಲದು, ಆಪರೇಷನ್ ದೊಡ್ಡದಾಗುತ್ತದೆ. ಪಾದದ ಅಡಿ ಕೆಂಪಾಗಿ ಹುಣ್ಣಾಗಿದೆಯೇ ಎಂದೂ ತಿರುಗಿಸಿ ನೋಡಿ. ಆ ನೋವಿಗೂ ಊಟ ಬಿಡುತ್ತವೆ.

ಹೃದಯ ದೊಡ್ಡದಾಗಿದ್ದರೆ, ಕಿಡ್ನಿ ಕೆಟ್ಟಿದ್ದರೆ, ಶ್ವಾಸಕೋಶದಲ್ಲಿ ಗಡ್ಡೆ ಇದ್ದರೆ ಆಪರೇಷನ್ ಬೇಡ, ಬೇಕಾದಾಗ ನೀರು ತೆಗೆಸುತ್ತಾ ನೋವಿನ ಔಷಧ ಕೊಡುತ್ತಾ ಇಟ್ಟುಕೊಳ್ಳಿ. ಇವೆಲ್ಲ ಸರಿ ಇದ್ದು, ನೀರು ತೆಗೆದ ಮೇಲೆ ಎರಡು ಮೂರು ವಾರದಲ್ಲಿ ತೂಕ ನಿಂತರೆ ಅಥವಾ ಏರಿದರೆ, ಐದೂವರೆ ವರ್ಷವಾದರೂ ಮಾಡಿಸುವುದು ಸರಿ.

ಆದರೆ ಯಾರ ಕೈಯಲ್ಲಿ? ಉಡುಪಿ, ಮಣಿಪಾಲ, ಮಂಗಳೂರಿನಲ್ಲಿ ನಾಯಿ-ಬೆಕ್ಕಿನ ಶಸ್ತ್ರಚಿಕಿತ್ಸೆ ನಿತ್ಯದ ಕೆಲಸ, ಗಿನಿಪಿಗ್ ಅಷ್ಟು ಬರುವುದಿಲ್ಲ. ಸಂಕೋಚ ಬಿಟ್ಟು ಕೇಳಿ: ಗಿನಿಪಿಗ್ ಎಷ್ಟು ಮಾಡಿದ್ದೀರಿ, ಪ್ರಜ್ಞೆ ತಪ್ಪಿಸುವ ಐಸೊಫ್ಲೂರೇನ್ ಗ್ಯಾಸ್ ಉಂಟಾ, ಆಪರೇಷನ್ ಹೊತ್ತಿನಲ್ಲಿ ಮೈ ಬೆಚ್ಚಗಿಡಲು ಏನಿದೆ? ಕೆಟಮಿನ್-ಜೈಲಜಿನ್ ಚುಚ್ಚುಮದ್ದು ಮಾತ್ರ ಇದೆ ಎಂದರೆ ಮುದಿ ಪ್ರಾಣಿಗೆ ಒಪ್ಪಬೇಡಿ. ಜೈಲಜಿನ್ ಹೃದಯ ಬಡಿತವನ್ನೂ ರಕ್ತದೊತ್ತಡವನ್ನೂ ಇಳಿಸುತ್ತದೆ, ಗ್ಯಾಸಿನ ಹಾಗೆ ಬೇಕಾದಾಗ ತಕ್ಷಣ ಕಡಿಮೆ ಮಾಡಲು ಬರುವುದಿಲ್ಲ. ಒಳ್ಳೆಯ ಪರೀಕ್ಷೆಯ ಪ್ರಶ್ನೆ ಇನ್ನೊಂದಿದೆ: ಎಷ್ಟು ಹೊತ್ತು ಉಪವಾಸ ಇಡಬೇಕು ಎಂದು ಕೇಳಿ. ರಾತ್ರಿಯಿಂದ ಏನೂ ಕೊಡಬೇಡಿ ಎಂಬ ಉತ್ತರ ಬಂದರೆ ಅವರು ನಾಯಿಯ ನಿಯಮ ಹೇಳುತ್ತಿದ್ದಾರೆ. ಗಿನಿಪಿಗ್ ವಾಂತಿ ಮಾಡಲಾರದು, ಉಪವಾಸ ಇಟ್ಟರೆ ಕರುಳು ಮೊದಲೇ ನಿಲ್ಲುತ್ತದೆ. ಆಪರೇಷನ್ನಿಗೆ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು ಆಹಾರ ತೆಗೆದು ಬಾಯಿ ನೀರಿನಲ್ಲಿ ತೊಳೆದರೆ ಸಾಕು.

ಆಂಟಿಬಯೋಟಿಕ್ಕಿನ ವಿಷಯ ಇದಕ್ಕಿಂತ ಗಂಭೀರ. ಅಮಾಕ್ಸಿಸಿಲಿನ್, ಆಂಪಿಸಿಲಿನ್, ಕ್ಲಿಂಡಾಮೈಸಿನ್, ಲಿಂಕೊಮೈಸಿನ್, ಎರಿಥ್ರೊಮೈಸಿನ್, ಬಾಯಿಗೆ ಕೊಡುವ ಸೆಫಲೆಕ್ಸಿನ್ ಬಗೆಯವು ಇವಕ್ಕೆ ವಿಷ. ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು ಕ್ಲಾಸ್ಟ್ರಿಡಿಯಂ ತಲೆಯೆತ್ತುತ್ತದೆ, ಬೇಧಿಯಾಗಿ ಕೆಲವೇ ದಿನಗಳಲ್ಲಿ ಪ್ರಾಣ ಹೋಗುತ್ತದೆ. ನಾಯಿಗೆ ಆಪರೇಷನ್ ಆದ ಮೇಲೆ ಕೈಗೆ ಮೊದಲು ಸಿಗುವ ಔಷಧವೇ ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಆದ ಕಾರಣ ಚೀಟಿಯನ್ನು ಮೆಡಿಕಲ್ಲಿಗೆ ಕೊಂಡುಹೋಗುವ ಮೊದಲೇ ಓದಿ. ಎನ್ರೊಫ್ಲಾಕ್ಸಾಸಿನ್, ಟ್ರೈಮೆಥೊಪ್ರಿಮ್-ಸಲ್ಫಾ ಆದರೆ ಅಡ್ಡಿಯಿಲ್ಲ. ನೋವಿಗೆ ಮೆಲಾಕ್ಸಿಕಾಂ ಬೇಕೇ ಬೇಕು, ಮೊದಲ ಎರಡು ದಿನ ಅದರ ಜೊತೆಗೆ ಇನ್ನೊಂದು ಬಲವಾದ ನೋವುನಿವಾರಕವೂ ಬೇಕು. ಬುಪ್ರೆನಾರ್ಫಿನ್ ಎಲ್ಲ ಕಡೆ ಇಟ್ಟಿರುವುದಿಲ್ಲ, ಬದಲಿಗೆ ಯಾವುದು ಕೊಡುತ್ತಾರೆಂದು ಮೊದಲೇ ಕೇಳಿ. ಡೋಸನ್ನು ಅದರ ಮೈತೂಕದ ಲೆಕ್ಕ ಹಿಡಿದು ಡಾಕ್ಟರೇ ಬರೆಯಲಿ. ಮನೆಯಲ್ಲಿರುವ ಮನುಷ್ಯರ ನೋವಿನ ಮಾತ್ರೆ ಮುರಿದು ಕೊಡಬೇಡಿ.

ಹತ್ತಿರದಲ್ಲಿ ಅನುಭವಸ್ಥರು ಸಿಗದಿದ್ದರೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜು, ಬೆಂಗಳೂರಿನ ಹೆಬ್ಬಾಳದ ಕಾಲೇಜು ಇವೆ. ಹೋಗುವ ಮೊದಲು ಫೋನು ಮಾಡಿ ಗಿನಿಪಿಗ್ ನೋಡುವ ದಿನ ಯಾವುದೆಂದು ಕೇಳಿ. ಆದರೆ ಪ್ರಯಾಣವನ್ನೂ ಅಪಾಯದ ಲೆಕ್ಕಕ್ಕೆ ಸೇರಿಸಿ. ಆಗುಂಬೆ ಘಾಟಿಯ ತಿರುವುಗಳಲ್ಲೋ ಶಿರಾಡಿಯ ಏಳೆಂಟು ಗಂಟೆಯ ದಾರಿಯಲ್ಲೋ ಅದು ಹೆದರಿ ಹುಲ್ಲು ಮುಟ್ಟದೆ ಕುಳಿತರೆ ಹೊಟ್ಟೆ ಖಾಲಿಯಾಗಿಯೇ ತಲುಪಿತು. ಹೋದ ದಿನವೇ ಆಪರೇಷನ್ ಬೇಡ, ಒಂದು ರಾತ್ರಿ ಅಲ್ಲಿ ತಂಗಿ ತಿನ್ನಲು ಬಿಡಿ. ಡಬ್ಬಿಯಲ್ಲಿ ಜೊತೆಗಾತಿಯನ್ನೂ ಕೂರಿಸಿಕೊಳ್ಳಿ, ಎರಡಿದ್ದರೆ ಒಂದು ತಿನ್ನುವುದನ್ನು ನೋಡಿ ಇನ್ನೊಂದೂ ತಿನ್ನುತ್ತದೆ.

ಮಳೆಗಾಲ ಮುಗಿಯಲಿ ಎಂದು ಕಾಯುವ ಅಗತ್ಯವಿಲ್ಲ. ನಮ್ಮ ಕಡೆ ಏಪ್ರಿಲ್-ಮೇ ತಿಂಗಳ ಸೆಕೆ ಇವಕ್ಕೆ ಮಳೆಗಿಂತ ಕೆಟ್ಟದು, 28 ಡಿಗ್ರಿ ದಾಟಿ ಹವೆಯೂ ತೇವವಾದರೆ ಸುಸ್ತಾಗತೊಡಗುತ್ತವೆ. ಬೇಸಿಗೆಯಲ್ಲಾದರೆ ಬೆಳಗ್ಗಿನ ಮೊದಲ ಆಪರೇಷನ್ನೇ ನಿಮ್ಮದಾಗುವಂತೆ ಕೇಳಿ, ಮಧ್ಯಾಹ್ನದ ಬಿಸಿಲಲ್ಲಿ ಕಾರಿನಲ್ಲಿ ಇಡಬೇಡಿ. ಮಳೆಗಾಲದ ತೊಂದರೆ ಬೇರೆ: ಹುಲ್ಲಿಗೆ ಬೂಸ್ಟು ಹಿಡಿಯುತ್ತದೆ, ಹಾಸು ಒಣಗುವುದಿಲ್ಲ, ಒದ್ದೆ ಗಾಯಕ್ಕೆ ನೊಣ ಕೂತು ಹುಳವಾಗುತ್ತದೆ. ಮರದ ಹೊಟ್ಟು ತೆಗೆದು ಹಳೆಯ ಹತ್ತಿ ಟವೆಲ್ ಹಾಸಿ, ದಿನಕ್ಕೆ ಎರಡು ಸಲ ಬದಲಿಸಿ, ಗೂಡಿಗೆ ಸೊಳ್ಳೆಪರದೆ ಕಟ್ಟಿ. ಟಿಮೊಥಿ ಹುಲ್ಲನ್ನು ಸಣ್ಣ ಪ್ಯಾಕೆಟ್ಟಿನಲ್ಲೇ ತರಿಸಿ. ಗದ್ದೆಯ ಬೈಹುಲ್ಲು ಅದಕ್ಕೆ ಬದಲಿ ಆಗುವುದಿಲ್ಲ, ಅದರಲ್ಲಿ ಸತ್ವ ಕಡಿಮೆ, ಚುಚ್ಚುವುದು ಹೆಚ್ಚು. ತೊಳೆದು ಒರೆಸಿದ ಗರಿಕೆ ಒಳ್ಳೆಯದು.

ಈಗಿನಿಂದಲೇ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ದಿನಾ ಬೆಳಗ್ಗೆ ಒಂದೇ ಹೊತ್ತಿಗೆ ತೂಗಿ ಬರೆದಿಡಿ. ವಿಟಮಿನ್ ಸಿ ಇವುಗಳ ಮೈಯಲ್ಲಿ ತಯಾರಾಗುವುದಿಲ್ಲ, ಅದಿಲ್ಲದೆ ಗಾಯ ಕೂಡುವುದಿಲ್ಲ. ಕಾಯಿಲೆಯ ಕಾಲಕ್ಕೆ ದಿನಕ್ಕೆ ಸುಮಾರು 40-50 ಮಿಗ್ರಾಂ ಬೇಕು. ಮಕ್ಕಳ ಡ್ರಾಪ್ಸ್ 1 ಎಂಎಲ್‌ಗೆ 100 ಮಿಗ್ರಾಂ ಇದ್ದರೆ ಅರ್ಧ ಎಂಎಲ್ ಬಾಯಿಗೇ ಕೊಡಿ, ಕುಡಿಯುವ ನೀರಿಗೆ ಹಾಕಿದರೆ ಅದು ಬೇಗ ಸತ್ವ ಕಳೆದುಕೊಳ್ಳುತ್ತದೆ. ಕ್ಯಾಪ್ಸಿಕಂ, ಪೇರಳೆಯ ತುಂಡು, ನೆಲ್ಲಿಕಾಯಿಯ ಚೂರು ಒಳ್ಳೆಯದು. ಹಿತ್ತಲಿನ ಬಸಳೆ, ಹರಿವೆ, ನುಗ್ಗೆಸೊಪ್ಪು ದಿನಾ ಕೊಡುವ ಅಭ್ಯಾಸವಿದ್ದರೆ ನಿಲ್ಲಿಸಿ, ಆಕ್ಸಲೇಟು, ಕ್ಯಾಲ್ಸಿಯಂ ಜಾಸ್ತಿ.

ಕೈಯಿಂದ ತಿನ್ನಿಸುವುದನ್ನೂ ಆಪರೇಷನ್ನಿಗೆ ಮೊದಲೇ ಅಭ್ಯಾಸ ಮಾಡಿ, ಆ ದಿನ ಕಲಿಯಲು ಹೋದರೆ ಇಬ್ಬರಿಗೂ ಕಷ್ಟ. ಬೀಜ ಬೆರೆಸದ ಗಿನಿಪಿಗ್ ಪೆಲೆಟ್ಟನ್ನು ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿ ಒಂದು ಪಾಲಿಗೆ ಎರಡು ಮೂರು ಪಾಲು ಉಗುರುಬೆಚ್ಚಗಿನ ನೀರು ಹಾಕಿ ಹತ್ತು ನಿಮಿಷ ಬಿಡಿ. 1 ಎಂಎಲ್ ಸಿರಿಂಜಿನ ಮೂತಿ ಕತ್ತರಿಸಿ ಅಂಚನ್ನು ಉಜ್ಜಿ ನಯ ಮಾಡಿಕೊಳ್ಳಿ. ಟವೆಲಿನಲ್ಲಿ ಸುತ್ತಿ ತೊಡೆಯ ಮೇಲೆ ಕೂರಿಸಿ, ತಲೆ ಹಿಂದಕ್ಕೆ ಬಾಗಿಸಬಾರದು. ಮುಂದಿನ ಹಲ್ಲಿನ ಹಿಂದುಗಡೆ ಪಕ್ಕದಿಂದ ಸಿರಿಂಜು ತೂರಿಸಿ ಅರ್ಧ ಎಂಎಲ್ ಒತ್ತಿ, ಜಗಿದು ನುಂಗುವವರೆಗೆ ಕಾದು ಮತ್ತೆ ಕೊಡಿ. ಅವಸರ ಮಾಡಿದರೆ ಶ್ವಾಸಕೋಶಕ್ಕೆ ಹೋಗುತ್ತದೆ. ಇದರ ತೂಕಕ್ಕೆ ದಿನವೊಂದಕ್ಕೆ 40ರಿಂದ 65 ಎಂಎಲ್ ಬೇಕು, ಐದಾರು ಸಲಕ್ಕೆ ಹಂಚಿ, ರಾತ್ರಿಯೂ ಒಮ್ಮೆ ಎದ್ದು ಕೊಡಿ. ಕ್ಲಿನಿಕ್ಕಿನಲ್ಲಿ ರಾತ್ರಿ ಜನ ಇರುವುದಿಲ್ಲವೆಂದರೆ, ಪೂರ್ತಿ ಎಚ್ಚರವಾಗಿ ಮೈ ಬೆಚ್ಚಗಾದ ಮೇಲೆ ಸಂಜೆ ಮನೆಗೇ ತನ್ನಿ.

ಮನೆಗೆ ತಂದ ಮೊದಲ ಕೆಲವು ಗಂಟೆ ಫ್ಯಾನಿನ ಗಾಳಿ ನೇರ ಬೀಳಬಾರದು. ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿ ಗೂಡಿನ ಒಂದು ಬದಿಯಲ್ಲಿರಲಿ, ಬೇಡವಾದರೆ ಆಚೆ ಸರಿಯಲು ಜಾಗ ಬೇಕು. ಹನ್ನೆರಡು ಗಂಟೆಯೊಳಗೆ ಒಂದಷ್ಟಾದರೂ ಹಿಕ್ಕೆ ಬೀಳಬೇಕು. ಬೀಳದಿದ್ದರೆ, ಹಲ್ಲು ಕಡಿಯುತ್ತಾ ಕೂದಲು ನಿಗುರಿಸಿ ಮೂಲೆಯಲ್ಲಿ ಮುದುಡಿ ಕುಳಿತರೆ, ಹೊಟ್ಟೆ ಬಿಗಿಯಾಗಿ ಉಬ್ಬಿದರೆ ಬೆಳಗಾಗಲಿ ಎಂದು ಕಾಯಬೇಡಿ. ಮಾರನೆಯ ದಿನದ ತೂಕದಲ್ಲಿ ಸಿಸ್ಟಿನ ತೂಕ ಕಳೆದಿರುತ್ತದೆ, ಅದನ್ನು ನೋಡಿ ಗಾಬರಿಯಾಗಬೇಡಿ. ಅಲ್ಲಿಂದ ಮುಂದೆ ಇಳಿಯಬಾರದು. ಪಕ್ಕೆಯ ಕಡೆಯಿಂದ ಕೊಯ್ದು ಅಂಡಾಶಯ ತೆಗೆಯುವ ವಿಧಾನ ಗೊತ್ತಿದ್ದರೆ ಅದನ್ನೇ ಆರಿಸಲು ಡಾಕ್ಟರಿಗೆ ಹೇಳಿ. ಹೊಟ್ಟೆಯ ನಡುವಿನ ಗಾಯ ನೆಲಕ್ಕೆ ಉಜ್ಜುತ್ತದೆ, ಕರುಳನ್ನೂ ಹೆಚ್ಚು ಮುಟ್ಟಬೇಕಾಗುತ್ತದೆ. ಎರಡು ವಾರದೊಳಗೆ ಗಾಯ ಕೂಡುತ್ತದೆ.

ಸೊಂಟದ ಮೇಲಿನ ಗಂಟು ಆ ಜಾಗದಲ್ಲಿ ಹೆಚ್ಚಾಗಿ ಕೂದಲಬುಡದಿಂದ ಏಳುವ ನಿರಪಾಯದ ಗಡ್ಡೆ. ಸೂಜಿ ಹಾಕಿ ಪರೀಕ್ಷೆ ಮಾಡಿಸಿ. ಅನಸ್ತೇಷಿಯಾ ಸುಗಮವಾಗಿ ನಡೆಯುತ್ತಿದ್ದರೆ ಕೊನೆಗೆ ಅದನ್ನೂ ತೆಗೆಯಲಿ, ಇಲ್ಲವಾದರೆ ಇರಲಿ. ಅದಕ್ಕೋಸ್ಕರ ಹತ್ತು ನಿಮಿಷ ಹೆಚ್ಚು ಮಲಗಿಸುವುದು ಈ ಪ್ರಾಯಕ್ಕೆ ಲಾಭದ ವ್ಯಾಪಾರವಲ್ಲ.

ಪರೀಕ್ಷೆಯಲ್ಲಿ ಕೆಟ್ಟ ಸುದ್ದಿ ಬಂದು, ನೀರು ತೆಗೆದರೂ ಔಷಧ ಕೊಟ್ಟರೂ ತಾನಾಗಿ ತಿನ್ನುವುದನ್ನು ನಿಲ್ಲಿಸಿ, ಜೊತೆಗಾತಿಯ ಕಡೆಗೂ ತಿರುಗದೆ ದಿನಗಟ್ಟಲೆ ಕುಳಿತರೆ, ನೋವಿಲ್ಲದೆ ಕಳುಹಿಸಿಕೊಡುವ ಮಾತನ್ನು ಡಾಕ್ಟರ ಹತ್ತಿರ ಎತ್ತಬಹುದು. ಮೊದಲು ನಿದ್ದೆ ಬರಿಸಿ ಆಮೇಲೆ ಇಂಜೆಕ್ಷನ್ ಕೊಡುತ್ತಾರೆಯೇ ಎಂದು ಕೇಳಿಕೊಳ್ಳಿ. ಮನೆಯಲ್ಲಿ ಮಕ್ಕಳಿದ್ದರೆ ತೂಕದ ಪುಸ್ತಕ ಬರೆಯುವ ಕೆಲಸ ಈಗಲೇ ಅವರಿಗೆ ಒಪ್ಪಿಸಿ, ಏನಾಗುತ್ತಿದೆ ಎಂಬುದು ಅವರಿಗೂ ಅಂಕಿಯಲ್ಲಿ ಕಾಣುತ್ತದೆ.

ಇನ್ನೊಂದನ್ನು ಬೇರೆ ಇಡುವುದು ಬೇಡ. ಆಪರೇಷನ್ ಆದ ಮೊದಲ ರಾತ್ರಿ ಮಾತ್ರ ನಡುವೆ ಜಾಲರಿ ಹಾಕಿ, ಒಂದರ ವಾಸನೆ, ಶಬ್ದ ಇನ್ನೊಂದಕ್ಕೆ ಸಿಗುವಂತೆ ಇಡಿ. ನಡೆದಾಡಿ ಹುಲ್ಲು ತಿನ್ನತೊಡಗಿದ ಮೇಲೆ ಜಾಲರಿ ತೆಗೆಯಬಹುದು. ಹೊಲಿಗೆಯನ್ನು ನೆಕ್ಕುತ್ತದೆಯೇ ಎಂದು ಮೊದಲ ಒಂದು ಗಂಟೆ ಹತ್ತಿರ ಕುಳಿತು ನೋಡಿ. ಅಂದಹಾಗೆ ಅದೂ ಹೆಣ್ಣೇ. ಮೂರು ವರ್ಷ ದಾಟಿದ್ದರೆ ಇದೇ ಸ್ಕ್ಯಾನಿಗೆ ಹೋಗುವಾಗ ಅದನ್ನೂ ಮಲಗಿಸಿ ನೋಡಿಸಿಕೊಂಡು ಬನ್ನಿ.